ವೈದ್ಯನ ತಪ್ಪಿಗೆ ನಮ್ಮ ಮೌನ ಕಾವಲಾಗಬೇಕೆ?



ಮನೆಯವರ ಮುಂದೆಯೂ ಆಡದ ಮಾತನ್ನು ನಾವು ವೈದ್ಯರ ಮುಂದೆ ಆಡುತ್ತೇವೆ. ಪರಕೀಯರು ಮುಟ್ಟಲು ಬಿಡದ ನಮ್ಮ ಮಗಳನ್ನು ಅವರ ಪರೀಕ್ಷೆಗೆ ಒಪ್ಪಿಸುತ್ತೇವೆ. ಈ ನಂಬಿಕೆಯನ್ನು ಕಾಮಕ್ಕೆ ಬಳಸಿಕೊಳ್ಳುವ ವೈದ್ಯನದು ಕೇವಲ ಸ್ವಂತ ದೌರ್ಬಲ್ಯವೆ? ಅಲ್ಲ, ಅದು ವೃತ್ತಿದ್ರೋಹ. ಹಿಪೊಕ್ರೆಟಿಸನ ಹೆಸರಿನ ಪ್ರಾಚೀನ ಪ್ರತಿಜ್ಞೆಯೇ ಹೆಣ್ಣಾಗಲಿ ಗಂಡಾಗಲಿ, ಸ್ವತಂತ್ರರಾಗಲಿ ಗುಲಾಮರಾಗಲಿ, ರೋಗಿಯ ಮನೆಯವರೊಡನೆ ದೇಹಸಂಬಂಧವನ್ನು ನಿಷೇಧಿಸಿತ್ತು.

ನಮ್ಮ ದೇಶದಲ್ಲಿಯೂ ನಿಯಮಕ್ಕೆ ಕೊರತೆಯಿಲ್ಲ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿನೀತಿ ನಿಯಮಾವಳಿಯು ರೋಗಿಯೊಡನೆ ಅನುಚಿತ ನಡತೆಯನ್ನೂ ಅನುಚಿತ ಸಂಬಂಧವನ್ನೂ ಶಿಸ್ತುಕ್ರಮಕ್ಕೆ ಅರ್ಹವಾದ ಅಪರಾಧವೆಂದು ಹೇಳುತ್ತದೆ. ದೂರನ್ನು 6 ತಿಂಗಳೊಳಗೆ ತೀರ್ಮಾನಿಸಬೇಕು. ವೈದ್ಯನ ಹೆಸರನ್ನು ನೋಂದಣಿಯಿಂದ ತೆಗೆದರೆ ಪತ್ರಿಕೆಗಳಲ್ಲಿ ಪ್ರಕಟಿಸಬೇಕು. ಆರೋಪಿತ ವೈದ್ಯನಿಗೆ ತನ್ನ ಅಹವಾಲು ಹೇಳುವ ಅವಕಾಶವೂ ಇದೆ. ಆದ್ದರಿಂದ ‘ಸುಳ್ಳು ದೂರು ಬಂದರೆ?’ ಎಂಬ ಅಂಜಿಕೆಯಿಂದ ವಿಚಾರಣೆಯನ್ನೇ ತಡೆಯುವುದು ಸಲ್ಲದು. ನಿರಪರಾಧಿಯ ಮಾನ ಉಳಿಯುವುದೂ ವಿಚಾರಣೆಯಿಂದಲೇ.

‘ಆಕೆಯೂ ಒಪ್ಪಿದ್ದಳಲ್ಲ?’ ಎನ್ನುವವರುಂಟು. ನೋವಿನಲ್ಲಿರುವವಳ, ಔಷಧಕ್ಕಾಗಿ ಕೈಚಾಚಿದವಳ ಒಪ್ಪಿಗೆ ಸಮಾನರ ನಡುವಣ ಒಪ್ಪಿಗೆಯಲ್ಲ. ಗೆರೆಯನ್ನು ಕಾಯುವ ಹೊಣೆ ವೈದ್ಯನದು, ರೋಗಿಯದಲ್ಲ.

ಸಂಸ್ಥೆಗಳು ತಮ್ಮವರನ್ನು ತಾವೇ ವಿಚಾರಿಸಿದಾಗ ಏನಾಗಬಹುದೆಂಬುದಕ್ಕೆ ಅಮೆರಿಕದ ಲ್ಯಾರಿ ನಾಸರ್ ಪ್ರಕರಣವೇ ಸಾಕ್ಷಿ. ಜಿಮ್ನಾಸ್ಟಿಕ್ಸ್ ತಂಡದ ವೈದ್ಯನಾಗಿದ್ದ ಇವನ ಮೇಲೆ 2014ರಲ್ಲಿ ದೂರು ಬಂದಾಗ, ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯವು ಅವನ ಸಹೋದ್ಯೋಗಿಗಳನ್ನೇ ಕೇಳಿ, ಅದು ಚಿಕಿತ್ಸೆಯೇ ಎಂದು ನಂಬಿ ಅವನನ್ನು ದೋಷಮುಕ್ತಗೊಳಿಸಿತು. ಅವನು ಮತ್ತೆ ಅದೇ ಕೆಲಸಕ್ಕೆ ಮರಳಿದ. 2018ರಲ್ಲಿ 150ಕ್ಕೂ ಹೆಚ್ಚು ಮಂದಿಯ ನೋವಿನ ಮಾತು ನ್ಯಾಯಾಲಯದಲ್ಲಿ ಕೇಳಿಬಂದಿತು. ಅವನಿಗೆ 40ರಿಂದ 175 ವರ್ಷಗಳ ಸೆರೆವಾಸವಾಯಿತು. ಆ ಮೊದಲ ಮಾತುಗಳಿಗೆ ಕಿವಿಗೊಟ್ಟಿದ್ದರೆ ಎಷ್ಟು ಮಕ್ಕಳು ಉಳಿಯುತ್ತಿದ್ದರು!

ನಮ್ಮಲ್ಲಿಯೂ ವೈದ್ಯರನ್ನು ವಿಚಾರಿಸುವ ರಾಜ್ಯ ಪರಿಷತ್ತುಗಳಲ್ಲಿ ವೈದ್ಯರದೇ ಪ್ರಾಬಲ್ಯ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯಿದೆಯ 30ನೆಯ ಕಲಮು ಪರಿಷತ್ತಿನ ಕ್ರಮದ ಮೇಲೆ ಮನವಿ ಸಲ್ಲಿಸುವ ಹಕ್ಕನ್ನು ವೈದ್ಯನಿಗೆ ಕೊಟ್ಟಿತು. ಅಲ್ಲಿ ರೋಗಿಯ ಹೆಸರಿಲ್ಲ. ತಕ್ಕಡಿಯ ಒಂದೇ ತಟ್ಟೆಯನ್ನು ತೂಗುವುದು ಯಾವ ನ್ಯಾಯ? ರೋಗಿಗೂ ಮೇಲ್ಮನವಿಯ ಹಕ್ಕು ಕಾಯಿದೆಯಲ್ಲಿಯೇ ಬರೆದಿರಬೇಕು. ವಿಚಾರಣೆಯಲ್ಲಿ ವೈದ್ಯರಲ್ಲದ ಮಹಿಳೆಯರೂ ಕುಳಿತಿರಬೇಕು.

ಆದರೆ ದೂರೇ ಹೋಗದಿದ್ದರೆ ಪರಿಷತ್ತು ಏನು ಮಾಡೀತು? ‘ಮನೆಯ ಮಾನ ಹೋದೀತು’ ಎಂದು ಮಗಳ ಬಾಯಿ ಮುಚ್ಚಿಸುವವರು ನಾವು. ‘ಕ್ಷಮಿಸಿಬಿಡು’ ಎಂದು ಉಪದೇಶಿಸುವವರೂ ನಾವು. ನಾಸರನ ವಿರುದ್ಧ ಮೊದಲು ಬಹಿರಂಗವಾಗಿ ಮಾತನಾಡಿದ ರೇಚಲ್ ಡೆನ್‌ಹಾಲಂಡರ್ ಕ್ರೈಸ್ತ ವಿಶ್ವಾಸಿ. ಆಕೆ ನ್ಯಾಯಾಲಯದಲ್ಲಿ ಅವನಿಗೆ ಕ್ಷಮೆಯನ್ನೂ ನುಡಿದರು, ಗರಿಷ್ಠ ಶಿಕ್ಷೆಯನ್ನೂ ಬೇಡಿದರು. ಕ್ಷಮೆ ನೊಂದವರ ಹೃದಯದ ದಾನ. ಅದು ಅಪರಾಧಿಯ ಪರವಾನಗಿಯ ನವೀಕರಣವಲ್ಲ.

ಆದುದರಿಂದ ತಂದೆತಾಯಿಗಳೇ, ತಿಳಿದಿರಿ: ಪುರುಷ ವೈದ್ಯರು ಪರೀಕ್ಷಿಸುವಾಗ ಇನ್ನೊಬ್ಬ ಮಹಿಳೆ ಜೊತೆಗಿರಬೇಕೆಂದು ಕೇಳುವುದು ಹೆಣ್ಣು ರೋಗಿಯ ಹಕ್ಕೆಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದು ಹೇಳುತ್ತದೆ. ತಪ್ಪು ನಡೆದರೆ ದಿನಾಂಕ, ಔಷಧಚೀಟಿ, ನಡೆದ ಸಂಗತಿಗಳೊಡನೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ಬರೆಯಿರಿ. ಅಪರಾಧವಾಗಿದ್ದರೆ ಪೊಲೀಸರ ಬಳಿಗೂ ಹೋಗಿರಿ. 18 ವರ್ಷದೊಳಗಿನ ಮಕ್ಕಳ ಮೇಲಿನ ಲೈಂಗಿಕ ಅಪರಾಧವನ್ನು ವರದಿ ಮಾಡುವುದು 2012ರ ಪೋಕ್ಸೊ ಕಾಯಿದೆಯಂತೆ ಕಡ್ಡಾಯ. ಆಸ್ಪತ್ರೆ ನಮ್ಮವರದೇ ಆದರೂ ಈ ಕರ್ತವ್ಯ ಬದಲಾಗದು.

ರಾತ್ರಿ ಹಗಲೆನ್ನದೆ ದುಡಿಯುವ ಸಜ್ಜನ ವೈದ್ಯರು ನಮ್ಮ ನಡುವೆ ಅನೇಕರಿದ್ದಾರೆ. ಅವರ ಬಿಳಿಯ ಅಂಗಿಗೆ ಮಸಿ ಬಳಿಯುವುದು ದೂರು ಕೊಡುವವರಲ್ಲ, ದೂರನ್ನು ಮುಚ್ಚಿಹಾಕುವವರು. ಮುಂದಿನ ಬಾರಿ ನಿಮ್ಮ ಮಗಳು ಆಸ್ಪತ್ರೆಯಿಂದ ಬಂದು ತಲೆತಗ್ಗಿಸಿ ಕುಳಿತರೆ, ನೆರೆಯವರು ಏನೆಂದಾರು ಎಂದು ಯೋಚಿಸದಿರಿ. ಅವಳ ಪಕ್ಕದಲ್ಲಿ ಕುಳಿತು, ಅವಳ ಮಾತು ಮುಗಿಯುವ ತನಕ ಕೇಳಿರಿ.