ಕ್ಯಾಸೆಟ್ ಎಸೆಯುವ ಮುನ್ನ ಮೂರು ಸಲ ನೋಡಿ

ಮನೆಯಲ್ಲೇ ತಯಾರಿಸಿದ ಡಿವಿಡಿ ಟಿವಿಯಲ್ಲಿ 'ಸ್ಟ್ರಕ್' ಆಗತೊಡಗಿದರೆ ನಮ್ಮಲ್ಲಿ ಮೂರು ಮಾತು ಕೇಳಿಬರುತ್ತವೆ. 'ಪ್ಲೇಯರ್ ಹಾಳಾಗಿದೆ', 'ಡಿಸ್ಕ್ ಲೋಕಲ್ ಮಾಲು', 'ಕ್ಯಾಸೆಟ್ಟೇ ಹಳೆಯದು, ಇನ್ನು ಅದನ್ನು ಇಟ್ಟುಕೊಂಡು ಏನು ಮಾಡುವುದು'. ಮೊದಲ ಎರಡು ಮಾತು ನಂಬಿದರೆ ಸ್ವಲ್ಪ ದುಡ್ಡು ಹೋಗುತ್ತದೆ. ಮೂರನೆಯದನ್ನು ನಂಬಿದರೆ ಮತ್ತೆಂದೂ ಸಿಗದ ವಸ್ತು ಕಸಕ್ಕೆ ಹೋಗುತ್ತದೆ. ಆದ್ದರಿಂದ ಡಿಸ್ಕ್ ಬರ್ನ್ ಮಾಡುವುದನ್ನಷ್ಟೇ ಅಲ್ಲ, ಅದು ಏಕೆ ತಡೆಯುತ್ತದೆ ಎಂದು ಹುಡುಕುವುದನ್ನೂ ನಾವು ವಿದ್ಯಾರ್ಥಿಗಳು ಕಲಿಯಬೇಕು ಎಂಬುದು ನನ್ನ ಅಭಿಪ್ರಾಯ.

'ಅಂಗಡಿಗೆ ಕೊಟ್ಟರೆ ಮುಗಿಯಿತಲ್ಲ' ಎಂದು ಕೆಲವರು ಕೇಳಬಹುದು. ನಮ್ಮ ಅನೇಕ ಮನೆಗಳಲ್ಲಿ ಅದು ಅಷ್ಟು ಸುಲಭವಲ್ಲ. ಮದುವೆಯ ಕ್ಯಾಸೆಟ್‌ನಲ್ಲಿ ಹೆಂಗಸರ ಕಡೆಯ ದೃಶ್ಯಗಳಿರುತ್ತವೆ. ಪರ್ದಾ ಪಾಲಿಸುವ ತಾಯಂದಿರು ಅದನ್ನು ಗುರುತಿಲ್ಲದವರ ಕಂಪ್ಯೂಟರಿನಲ್ಲಿ ಕಾಪಿ ಮಾಡಿಸಲು ಒಪ್ಪುವುದಿಲ್ಲ. ಒಂದು ಸಲ ಕಾಪಿಯಾದ ಫೈಲ್ ಎಲ್ಲೆಲ್ಲಿ ಉಳಿಯುತ್ತದೆ ಎಂದು ಯಾರಿಗೆ ಗೊತ್ತು? ಅವರ ಭಯ ನ್ಯಾಯವಾದದ್ದು. ಹೀಗಾಗಿ ಕ್ಯಾಸೆಟ್‌ಗಳು ಅಲಮಾರಿನಲ್ಲೇ ಉಳಿದಿವೆ. ಇತ್ತ ಕಾಲ ಕಾಯುತ್ತಿಲ್ಲ. ಟೇಪಿನ ಮೇಲಿನ ಲೇಪ ವರ್ಷ ಕಳೆದಂತೆ ಸವೆಯುತ್ತದೆ, ನಮ್ಮ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ದೊಡ್ಡ ಕಂಪನಿಯಾದ ಜಪಾನಿನ ಫುನಾಯ್ 2016ರ ಜುಲೈನಲ್ಲೇ ಅದರ ಉತ್ಪಾದನೆ ನಿಲ್ಲಿಸಿತು. ಇರುವ ವಿಸಿಆರ್ ಓಡುತ್ತಿರುವಾಗಲೇ ಕೆಲಸ ಮುಗಿಯಬೇಕು.

ನಮ್ಮ ಮನೆಯಲ್ಲಿ ಅಮ್ಮಿಯ ಮದುವೆಯ ಕ್ಯಾಸೆಟ್ ಎರಡು ಗಂಟೆಯದು. ಮಾಮು ಅದನ್ನು ಕಂಪ್ಯೂಟರಿಗೆ ಇಳಿಸಿ ಡಿವಿಡಿ ಮಾಡಿಕೊಟ್ಟರು. ನಿಕಾಹ್ ಚೆನ್ನಾಗಿ ಓಡಿತು, ಊಟದ ಪಂಕ್ತಿಯೂ ಓಡಿತು. ರುಖ್ಸತಿ ಬಂದಾಗ ಚಿತ್ರ ಚೌಕ ಚೌಕವಾಗಿ ಒಡೆದು ನಿಂತಿತು. ದಾದಾ ಅಮ್ಮಿಯ ತಲೆಯ ಮೇಲೆ ಕೈಯಿಟ್ಟು ದುವಾ ಮಾಡುವ ಭಾಗ ಅದು. ದಾದಾ ಈಗಿಲ್ಲ, ಅವರ ಧ್ವನಿ ಬೇರೆಲ್ಲೂ ಇಲ್ಲ. 'ಕ್ಯಾಸೆಟ್ ಅಲ್ಲಿ ಹೋಗಿಬಿಟ್ಟಿದೆ' ಎಂದು ಎಲ್ಲರೂ ತೀರ್ಮಾನಿಸಿದ್ದರು. ಆದರೆ ಅದೇ ಭಾಗವನ್ನು ಕಂಪ್ಯೂಟರಿನಲ್ಲಿ ಫೈಲ್ ಆಗಿ ನೋಡಿದಾಗ ದಾದಾರ ದುವಾ ಒಂದು ಕಡೆಯೂ ತಡೆಯದೆ ಕೇಳಿಸಿತು. ಕ್ಯಾಸೆಟ್ ಸರಿಯಾಗಿತ್ತು, ದೋಷ ಇದ್ದದ್ದು ಡಿಸ್ಕ್ ಬರೆದ ರೀತಿಯಲ್ಲಿ.

ಕಾಮರ್ಸ್‌ನವರಿಗೆ ಇದು ಬೇಗ ಅರ್ಥವಾಗುತ್ತದೆ. ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದರೆ ವ್ಯತ್ಯಾಸವನ್ನು ತಾತ್ಕಾಲಿಕವಾಗಿ ಸಸ್ಪೆನ್ಸ್ ಖಾತೆಗೆ ಹಾಕುತ್ತೇವೆ. ಆದರೆ ಅಲ್ಲಿಗೇ ಬಿಡುವುದಿಲ್ಲ, ತಪ್ಪು ಯಾವ ಪುಸ್ತಕದಲ್ಲಿದೆ ಎಂದು ಹಿಂದೆ ಹೋಗಿ ಹುಡುಕುತ್ತೇವೆ. 'ಕ್ಯಾಸೆಟ್ ಹಳೆಯದು' ಎನ್ನುವುದು ವಿಡಿಯೊದ ಸಸ್ಪೆನ್ಸ್ ಖಾತೆ. ಅದನ್ನು ಹಾಗೆಯೇ ಬಿಟ್ಟು ಲೆಕ್ಕ ಮುಗಿಸುವಂತಿಲ್ಲ.

ಹುಡುಕುವ ಕ್ರಮ ಸರಳ, ಮೂರು ಸಲ ನೋಡಬೇಕು. ಮೊದಲು, ಕ್ಯಾಸೆಟ್‌ನಿಂದ ಇಳಿಸಿದ ಫೈಲನ್ನು ಹಾರ್ಡ್ ಡಿಸ್ಕಿನಿಂದಲೇ ನೋಡಿ. ಅಲ್ಲೇ ತಡೆದರೆ ಇಳಿಸುವಾಗ ಫ್ರೇಮುಗಳು ತಪ್ಪಿಹೋಗಿವೆ ಎಂದರ್ಥ. ಎಷ್ಟು ತಪ್ಪಿವೆ ಎಂಬ ಲೆಕ್ಕವನ್ನು ಹಲವು ಸಾಫ್ಟ್‌ವೇರ್‌ಗಳು ತೋರಿಸುತ್ತವೆ, ಅದು ಸೊನ್ನೆ ಇರಬೇಕು. ಬೇರೆ ಪ್ರೋಗ್ರಾಂಗಳನ್ನು ಮುಚ್ಚಿ ಮತ್ತೆ ಇಳಿಸಬೇಕು. ಎರಡನೆಯದಾಗಿ, ಡಿವಿಡಿ ರೂಪಕ್ಕೆ ಬದಲಾಯಿಸಿದ ಫೈಲನ್ನು ಬರ್ನ್ ಮಾಡುವ ಮುನ್ನವೇ ನೋಡಿ. ಮೊದಲನೆಯದು ಸರಿಯಿದ್ದು ಇದು ತಡೆದರೆ ದೋಷ ಕನ್ವರ್ಟ್ ಮಾಡಿದ್ದರಲ್ಲಿದೆ. ಮೂರನೆಯದಾಗಿ, ಬರೆದ ಡಿಸ್ಕನ್ನು ಕಂಪ್ಯೂಟರಿನಲ್ಲೂ ಟಿವಿಯ ಪ್ಲೇಯರಿನಲ್ಲೂ ನೋಡಿ. ಎರಡೂ ಕಡೆ ನಿಂತರೆ ಡಿಸ್ಕ್ ಅಥವಾ ಬರೆದ ವೇಗ ಕಾರಣ. ಕಂಪ್ಯೂಟರಿನಲ್ಲಿ ಓಡಿ ಟಿವಿಯಲ್ಲಿ ಮಾತ್ರ ತಡೆದರೆ, ನಾವು ಕೊಟ್ಟ ಸೆಟ್ಟಿಂಗ್ ಅನ್ನೋ ಡಿಸ್ಕನ್ನೋ ಆ ಪ್ಲೇಯರ್ ತಾಳಿಕೊಳ್ಳುತ್ತಿಲ್ಲ.

ತಡೆಯುವ ರೀತಿಯೂ ಸುಳಿವು ಕೊಡುತ್ತದೆ. ಕ್ಷಣಕ್ಷಣಕ್ಕೂ ಒಂದೇ ಲಯದಲ್ಲಿ ಎಳೆದಂತಾದರೆ ಫ್ರೇಮುಗಳ ಲೆಕ್ಕ ತಪ್ಪಿದೆ. ನಮ್ಮ ದೇಶದ್ದು ಪಾಲ್ ಪದ್ಧತಿ, ಸೆಕೆಂಡಿಗೆ 25 ಫ್ರೇಮ್. ಡಿವಿಡಿಯಲ್ಲಿ ಚಿತ್ರದ ಅಳತೆ 720-576. ಸಾಫ್ಟ್‌ವೇರಿನಲ್ಲಿ ಅಮೆರಿಕದ ಎನ್‌ಟಿಎಸ್‌ಸಿ ಮೊದಲೇ ಆಯ್ಕೆಯಾಗಿದ್ದರೆ ಅದು 29.97 ಫ್ರೇಮಿಗೆ ಹಿಗ್ಗಿಸಲು ಹೋಗಿ ಚಿತ್ರವನ್ನು ಕುಂಟಿಸುತ್ತದೆ. ಮುಖಗಳು ಸರಿಯಿದ್ದು ಕೈ ಬೀಸಿದಾಗ, ಕಾರು ಹೊರಟಾಗ ಮಾತ್ರ ಚಿತ್ರ ಹಿಂದೆ ಮುಂದೆ ನಡುಗಿದರೆ ಅದು ಫೀಲ್ಡ್ ಆರ್ಡರ್ ದೋಷ. ಕ್ಯಾಸೆಟ್‌ನ ಒಂದೊಂದು ಫ್ರೇಮಿನಲ್ಲೂ ಎರಡು ಅರ್ಧಗಳಿರುತ್ತವೆ, ಅವುಗಳ ಸರದಿ ಅದಲುಬದಲಾಗಿದೆ ಅಷ್ಟೆ. ಆ ಒಂದು ಆಯ್ಕೆ ಬದಲಿಸಿದರೆ ಸಾಕು. ಚಿತ್ರ ಚೌಕಗಳಾಗಿ ಒಡೆದು ನಿಂತರೆ, ಅದರಲ್ಲೂ ಕೊನೆಯ ಭಾಗದಲ್ಲೇ ಹಾಗಾದರೆ, ಡಿಸ್ಕನ್ನು ಅನುಮಾನಿಸಿ. ಡಿವಿಡಿಯನ್ನು ಒಳಗಿನಿಂದ ಹೊರಕ್ಕೆ ಬರೆಯಲಾಗುತ್ತದೆ. ತುಂಬಿದ ಡಿಸ್ಕಿನ ಕೊನೆಯ ಭಾಗ ಹೊರ ಅಂಚಿಗೆ ಬರುತ್ತದೆ, ದೋಷಗಳು ಹೆಚ್ಚಾಗಿ ಅಲ್ಲೇ ಕಾಣುತ್ತವೆ. ನಮ್ಮ ರುಖ್ಸತಿ ಸಿಕ್ಕಿಬಿದ್ದದ್ದೂ ಅಲ್ಲೇ.

ಮತ್ತೊಂದು ಕಾರಣ ಬಿಟ್‌ರೇಟ್, ಅಂದರೆ ಒಂದು ಸೆಕೆಂಡಿನ ಚಿತ್ರಕ್ಕೆ ಎಷ್ಟು ಡೇಟಾ ಖರ್ಚು ಮಾಡುತ್ತೇವೆ ಎಂಬುದು. ಇದು ಬಜೆಟ್ ಇದ್ದಂತೆ. ಸಾಮಾನ್ಯ ಡಿವಿಡಿಯಲ್ಲಿ 4.7 ಜಿಬಿ ಹಿಡಿಯುತ್ತದೆ, ಎಂದರೆ ಸುಮಾರು 3,760 ಕೋಟಿ ಬಿಟ್. ಎರಡು ಗಂಟೆಗೆ 7,200 ಸೆಕೆಂಡ್. ಭಾಗಿಸಿದರೆ ಸೆಕೆಂಡಿಗೆ ಸುಮಾರು 52 ಲಕ್ಷ ಬಿಟ್, ಅಂದರೆ 5.2 ಎಂಬಿಪಿಎಸ್. ಧ್ವನಿಗೂ ಮೆನುವಿಗೂ ಸ್ವಲ್ಪ ಬಿಟ್ಟರೆ ಚಿತ್ರಕ್ಕೆ 4.5ರ ಆಸುಪಾಸು. ವಿಡಿಯೊ ಒಂದೇ ಗಂಟೆಯದಾಗಿದ್ದರೆ ಜಾಗ ಹೇಗೂ ಇದೆ ಎಂದು ಗರಿಷ್ಠ ಮಿತಿಯಾದ 9.8ಕ್ಕೇ ಏರಿಸುವವರಿದ್ದಾರೆ. ಹಳೆಯ ಪ್ಲೇಯರ್‌ಗಳು ಮನೆಯಲ್ಲಿ ಬರೆದ ಡಿಸ್ಕಿನಿಂದ ಅಷ್ಟು ಬೇಗ ಓದಲಾರದೆ ಬೆಳಕು, ಜನಜಂಗುಳಿ ಹೆಚ್ಚಿರುವ ದೃಶ್ಯಗಳಲ್ಲಿ ನಿಲ್ಲುತ್ತವೆ. 7 ಅಥವಾ 8ಕ್ಕೆ ನಿಲ್ಲಿಸಿದರೆ ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ, ಪ್ಲೇಯರಿಗೆ ಮಾತ್ರ ಹಗುರವಾಗುತ್ತದೆ.

ಬರೆಯುವಾಗ ಅವಸರ ಬೇಡ. ಡಿಸ್ಕಿನ ಮೇಲೆ 16 ಎಕ್ಸ್ ಎಂದಿದ್ದರೂ 8 ಎಕ್ಸ್‌ನಲ್ಲಿ ಬರೆಯಿರಿ, ಹೆಚ್ಚಾಗುವುದು ಕೆಲವೇ ನಿಮಿಷ. ಬರೆದ ಮೇಲೆ 'ವೆರಿಫೈ' ಬಿಡಬೇಡಿ, ಅದು ಡಿಸ್ಕನ್ನು ಮತ್ತೆ ಓದಿ ಮೂಲದೊಂದಿಗೆ ತಾಳೆ ನೋಡುತ್ತದೆ. ಇಮ್ಗ್‌ಬರ್ನ್‌ನಂಥ ಉಚಿತ ಸಾಫ್ಟ್‌ವೇರಿನಲ್ಲೇ ಇದಿದೆ. ಪ್ರಯೋಗಕ್ಕೆ ಅಳಿಸಿ ಬರೆಯಬಹುದಾದ ಡಿವಿಡಿ-ಆರ್‌ಡಬ್ಲ್ಯೂ ಬಳಸಿದರೆ ಡಿಸ್ಕ್‌ಗಳು ವ್ಯರ್ಥವಾಗುವುದಿಲ್ಲ. ಡಿಸ್ಕಿನ ಮೇಲೆ ಕಾಗದದ ಲೇಬಲ್ ಅಂಟಿಸಬೇಡಿ. ಅದು ಸ್ವಲ್ಪ ಓರೆಯಾದರೂ ತಿರುಗುವಾಗ ಡಿಸ್ಕ್ ಅದುರುತ್ತದೆ. ಎಲ್ಲಕ್ಕಿಂತ ಮುಖ್ಯ, ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಬದಲಿಸಿ. ನಾಲ್ಕನ್ನು ಒಟ್ಟಿಗೆ ಬದಲಿಸಿ ಸರಿಹೋದರೆ ಯಾವುದರಿಂದ ಸರಿಹೋಯಿತು ಎಂದು ಗೊತ್ತೇ ಆಗುವುದಿಲ್ಲ. ನಮ್ಮ ಮನೆಯಲ್ಲಿ ಫೈಲನ್ನು ಹಾಗೆಯೇ ಇಟ್ಟು, ಅದೇ ಪ್ಯಾಕೆಟ್ಟಿನ ಇನ್ನೊಂದು ಡಿಸ್ಕಿಗೆ ವೇಗ ಮಾತ್ರ ಇಳಿಸಿ ಬರೆದೆವು. ರುಖ್ಸತಿ ಕೊನೆಯತನಕ ಓಡಿತು.

'ಈಗ ಡಿಸ್ಕ್ ಯಾರಿಗೆ ಬೇಕು, ಪೆನ್‌ಡ್ರೈವ್ ಇದೆಯಲ್ಲ' ಎಂದು ಗೆಳೆಯರು ಹೇಳುತ್ತಾರೆ. ಫೈಲನ್ನು ಪೆನ್‌ಡ್ರೈವ್‌ನಲ್ಲೂ ಹಾರ್ಡ್ ಡಿಸ್ಕಿನಲ್ಲೂ ಖಂಡಿತ ಇಡೋಣ, ಒಂದೇ ಪ್ರತಿಯನ್ನು ನಂಬಬಾರದು. ಆದರೆ ಪೆನ್‌ಡ್ರೈವ್ ನಾಳೆ ಯಾರದೋ ಪ್ರಾಜೆಕ್ಟ್‌ಗಾಗಿ ಫಾರ್ಮ್ಯಾಟ್ ಆಗುತ್ತದೆ. ಡಿವಿಡಿ-ಆರ್ ಮೇಲೆ ಬರೆದದ್ದನ್ನು ಅಳಿಸಲಾಗದು. ದಾದಿ, ನಾನಿಯರಿಗೆ ಗೊತ್ತಿರುವುದೂ ಟಿವಿಯ ಕೆಳಗಿನ ಆ ಪ್ಲೇಯರೇ. ಅವರು ಯಾರನ್ನೂ ಕರೆಯದೆ ತಾವೇ ಹಾಕಿಕೊಂಡು ನೋಡಬೇಕು.

ಕೊನೆಯದಾಗಿ ನಮ್ಮ ಕಾಲೇಜಿಗೊಂದು ಮನವಿ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿವಿಡಿ ಡ್ರೈವೇ ಬರುತ್ತಿಲ್ಲ. ಕಂಪ್ಯೂಟರ್ ಲ್ಯಾಬಿನಲ್ಲಿ ಎರಡು ಶನಿವಾರ ಮಧ್ಯಾಹ್ನ ಈ ಕೆಲಸ ಕಲಿಸಬಹುದು. ಹುಡುಗಿಯರಿಗೆ ಲೇಡಿ ಲೆಕ್ಚರರ್ ಒಬ್ಬರು ಕಲಿಸಲಿ. ಅಭ್ಯಾಸಕ್ಕೆ ಕಾಲೇಜಿನ ವಾರ್ಷಿಕೋತ್ಸವದ ವಿಡಿಯೊ ಇರಲಿ, ಯಾರ ಮನೆಯ ಕ್ಯಾಸೆಟ್ಟೂ ಲ್ಯಾಬಿಗೆ ಬರುವುದು ಬೇಡ. ಒಂದು ವಿಸಿಆರ್, ಒಂದು ಕ್ಯಾಪ್ಚರ್ ಕಾರ್ಡ್, ಯುಎಸ್‌ಬಿ ಮೂಲಕ ಜೋಡಿಸುವ ಒಂದು ಡಿವಿಡಿ ಡ್ರೈವ್, ಇಷ್ಟನ್ನು ಲೈಬ್ರರಿ ಪುಸ್ತಕದಂತೆ ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡು ವಾರದ ಮಟ್ಟಿಗೆ ಮನೆಗೆ ಕೊಟ್ಟರೆ ಸಾಕು. ಕೆಲಸ ಮನೆಯಲ್ಲೇ, ಮನೆಯವರ ಕಣ್ಣೆದುರೇ ಆಗುತ್ತದೆ. ಅಲ್ಲಿಯವರೆಗೆ, ನಿಮ್ಮ ಮನೆಯ ಡಿಸ್ಕ್ ಎಷ್ಟೇ ತಡೆದರೂ ಕ್ಯಾಸೆಟ್ ಮಾತ್ರ ಎಸೆಯಬೇಡಿ.