ಬೆರಕೆ ಸೊಪ್ಪಿನ ಬುಟ್ಟಿ

"ಒಂದು ಹುಳಕ್ಕೆ ಹೆಸರಿಡೋಕೆ ಮೂರು ಜನ ವಿಜ್ಞಾನಿಗಳು ಬೇಕಾ? ಅಲ್ಲಿಯವರು ಆಗಲೇ ಬೇಯಿಸ್ಕೊಂಡು ತಿಂತಿದಾರಂತೆ ಕಣ್ರೀ!" ಆಫೀಸಿನಲ್ಲಿ ಟೀ ಕುಡಿಯುವಾಗ ಬಂದ ಮಾತು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ವಿಷಯ ಇಷ್ಟು. 2025ರ ಜನವರಿಯಲ್ಲಿ 'ಝೂಕೀಸ್' ಪತ್ರಿಕೆಯಲ್ಲಿ ಮೂವರು ಸಂಶೋಧಕರು ವಿಯೆಟ್ನಾಂ ಕಡೆಯ ಆಳಸಮುದ್ರದ ಹೊಸ ಪ್ರಭೇದವೊಂದನ್ನು ವಿವರಿಸಿದರು: ಬ್ಯಾಥಿನೋಮಸ್ ವೇಡರಿ. ಸಿಗಡಿ, ಏಡಿಗಳ ದೂರದ ನೆಂಟ. ಹೂಕುಂಡ ಎತ್ತಿದಾಗ ಉಂಡೆಯಾಗಿ ಸುತ್ತಿಕೊಳ್ಳೋ ಪುಟ್ಟ ಹುಳ ನೋಡಿರ್ತೀರಲ್ಲ, ಅದೂ ಇದೂ ಐಸೊಪಾಡ್ ಅನ್ನೋ ಒಂದೇ ಗುಂಪು. ಆದರೆ ಇದು 30 ಸೆಂ.ಮೀ. ಮೀರಿ ಬೆಳೆಯುತ್ತೆ, ಒಂದು ಕೆ.ಜಿ.ಗೂ ಹೆಚ್ಚು ತೂಗುತ್ತೆ. ತಲೆ 'ಸ್ಟಾರ್ ವಾರ್ಸ್'ನ ಡಾರ್ತ್ ವೇಡರನ ಹೆಲ್ಮೆಟ್ ಥರ ಕಾಣುತ್ತೆ ಅಂತ ಆ ಹೆಸರು.

ನಕ್ಕವರ ಮಾತು ಅರ್ಧ ನಿಜ. 'ವಿಜ್ಞಾನಿಗಳು ಪತ್ತೆ ಹಚ್ಚಿದರು' ಅನ್ನೋ ಹೆಡ್‌ಲೈನ್ ತಪ್ಪು. 2022ರಲ್ಲಿ ಹನೋಯ್‌ನ ವಿಶ್ವವಿದ್ಯಾಲಯದವರು ಕ್ವಿ ನ್ಯೋನ್ ಎಂಬ ಕರಾವಳಿ ಊರಲ್ಲಿ ದುಡ್ಡು ಕೊಟ್ಟು ಕೊಂಡುತಂದವು ಇವು. ಮೊದಲು ಕಂಡವರು ಮೀನುಗಾರರು. ಅದರಲ್ಲಿ ಅನುಮಾನವೇ ಬೇಡ.

ಆದರೆ 'ಹಾಗಾದ್ರೆ ಹೆಸರು ಯಾಕೆ' ಅನ್ನೋದು ಶುದ್ಧ ಉಡಾಫೆ. ಅಲ್ಲಿ ಇಂಥವಕ್ಕೆಲ್ಲ ಒಂದೇ ಹೆಸರು, 'ಸಮುದ್ರದ ಹುಳ'. ವಿಯೆಟ್ನಾಂನಲ್ಲಿ ಬ್ಯಾಥಿನೋಮಸ್ ಜೇಮ್ಸಿ ಅನ್ನೋ ಇನ್ನೊಂದು ಪ್ರಭೇದವೂ ಇದೆ ಅಂತ ಅದೇ ಪ್ರಬಂಧ ಖಚಿತಪಡಿಸಿತು. ಅಂದರೆ ಒಂದೇ ಹೆಸರಿನಡಿ ಎರಡು ಬೇರೆ ಬೇರೆ ಜೀವಿಗಳು.

ನಮ್ಮೂರಲ್ಲಿ ಅವ್ವ ಹೊಲದಿಂದ ಬೆರಕೆ ಸೊಪ್ಪು ತರ್ತಿದ್ಲು. ಅಣ್ಣೆ, ಹೊನಗೊನೆ, ಗೋಣಿ, ಒಂದೊಂದರ ಹೆಸರೂ ಅವಳಿಗೆ ಗೊತ್ತು. ಅದಕ್ಕೇ 'ಈ ಸಲ ಗೋಣಿಸೊಪ್ಪು ಕಾಣ್ತಾನೇ ಇಲ್ಲ' ಅಂತ ಹೇಳೋಕೆ ಅವಳಿಗೆ ಆಗ್ತಿತ್ತು. ನನಗೆ ಎಲ್ಲವೂ ಬರೀ ಸೊಪ್ಪು. ಒಂದು ಮಾಯವಾದರೂ ನನ್ನ ಬುಟ್ಟಿ ತುಂಬಿದ ಹಾಗೇ ಕಾಣುತ್ತೆ. ನಮ್ಮ ಕೆಲಸದ ಭಾಷೆಯಲ್ಲೇ ಹೇಳೋದಾದ್ರೆ, ಇಬ್ಬರು ಗ್ರಾಹಕರನ್ನು ಒಂದೇ ಐಡಿಯಲ್ಲಿ ಹಾಕಿದರೆ ರಿಪೋರ್ಟಿನ ಮೊತ್ತ ಸರಿಯಾಗೇ ಬರುತ್ತೆ. ಒಬ್ಬ ಬಿಟ್ಟು ಹೋದದ್ದು ಮಾತ್ರ ಯಾರಿಗೂ ಗೊತ್ತಾಗಲ್ಲ.

ಬಿಟ್ಟು ಹೋದರೆ ಏನು ಅಂತೀರಾ? ಈ ಕುಲದ ಹೆಣ್ಣು ಮೊಟ್ಟೆಗಳನ್ನು ಹೊಟ್ಟೆಯಡಿಯ ಚೀಲದಲ್ಲೇ ಹೊತ್ತು ತಿರುಗುತ್ತೆ. ಮರಿ ಹೊರಬರುವಾಗಲೇ ತಾಯಿಯ ರೂಪ. ಸಿಗಡಿ ಮರಿಗಳ ಹಾಗೆ ನೀರಲ್ಲಿ ತೇಲುತ್ತಾ ದೂರ ಹರಡೋ ಘಟ್ಟವೇ ಇಲ್ಲ. ಒಂದು ಜಾಗವನ್ನು ಬಲೆ ಬಾಚಿ ಬರಿದು ಮಾಡಿದರೆ, ಬೇರೆ ಕಡೆಯಿಂದ ಬಂದು ತುಂಬೋದು ಸುಲಭವಲ್ಲ.

ಇನ್ನು ಹೆಸರಿಡೋದು ಅಂದರೆ ತೊಟ್ಟಿಲಲ್ಲಿ ಮಗು ಹಾಕಿ ಕಿವಿಯಲ್ಲಿ ಕೂಗಿದಷ್ಟು ಸಲೀಸಲ್ಲ. ಒಂದು ಪ್ರಾಣಿಯನ್ನು 'ಇದೇ ಮೂಲ ಮಾದರಿ' ಅಂತ ಗೊತ್ತುಮಾಡಿ ಸಂಗ್ರಹದಲ್ಲಿಡಬೇಕು. ಹತ್ತಿರದ ಪ್ರಭೇದಗಳಿಗಿಂತ ಹೇಗೆ ಬೇರೆ ಅಂತ ಅಂಗಾಂಗ ಹೋಲಿಸಿ, ಬರೆದು ಪ್ರಕಟಿಸಬೇಕು. ಮುಂದೆ ಯಾರಿಗೆ ಅನುಮಾನ ಬಂದರೂ ಅದೇ ಮಾದರಿಯನ್ನು ತೆಗೆದು ನೋಡಬಹುದು. ಇಷ್ಟು ಶಿಸ್ತಾಗಿ ನಾವು ಕೋಡಿಗೆ ಡಾಕ್ಯುಮೆಂಟೇಶನ್ ಬರೆದಿದ್ದೀವಾ?

ನಗಿ, ಪರವಾಗಿಲ್ಲ. ಸಿನಿಮಾ ಖಳನಾಯಕನ ಹೆಸರು ಕೇಳಿದರೆ ಯಾರಿಗಾದ್ರೂ ನಗು ಬರುತ್ತೆ. ದಂಡದ ಕೆಲಸ ಅಂತ ಮಾತ್ರ ಅನ್ನಬೇಡಿ. 'ಬುಟ್ಟಿಯಲ್ಲಿ ವೇಡರಿ ಕಮ್ಮಿ ಆಗ್ತಿದೆ' ಅಂತ ನಾಳೆ ಯಾರಾದ್ರೂ ಎಚ್ಚರಿಸಬೇಕಾದ್ರೆ, ಇವತ್ತು 'ವೇಡರಿ' ಅನ್ನೋ ಹೆಸರು ಇರಬೇಕು.