ಮಕ್ಕಳ ತಪ್ಪಿಗೆ ಮನೆಯೂ ಹೊಣೆ



ಕಟ್ಟೆಮಳಲವಾಡಿ, ಚಿಲ್ಕುಂದಗಳಲ್ಲಿ ಹೊಗೆಸೊಪ್ಪು ಹರಾಜಾಗಿ ಹಣ ಕೈಸೇರಿತೆಂದರೆ ನಮ್ಮ ಸೀಮೆಯ ಕೆಲವು ಮನೆಗಳ ಮುಂದೆ ಹೊಸ ಬೈಕು ಬಂದು ನಿಲ್ಲುತ್ತದೆ. ಏರುವವನಿಗೆ ಇನ್ನೂ ಮೀಸೆ ಚಿಗುರಿರುವುದಿಲ್ಲ. "ಒಬ್ಬನೇ ಮಗ, ಹಟ ಹಿಡಿದ, ಕೊಡಿಸಿದೆ" ಎನ್ನುತ್ತಾನೆ ತಂದೆ. ಆತನಿಗೆ ಇದು ವಾತ್ಸಲ್ಯ, ಕಾನೂನಿಗೆ ಹಾಗಲ್ಲ.

2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆಯಂತೆ ಅಪ್ರಾಪ್ತ ಬಾಲಕ ವಾಹನ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ಮಾಲೀಕರಿಗೆ 3 ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ. ವಾಹನದ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸು ಸಿಗದು. 2024ರ ಮೇ 19ರಂದು ಪುಣೆಯಲ್ಲಿ 17 ವರ್ಷದ ಹುಡುಗ ಓಡಿಸುತ್ತಿದ್ದನೆನ್ನಲಾದ ಕಾರು ಬಡಿದು ಇಬ್ಬರು ಯುವ ಎಂಜಿನಿಯರುಗಳು ಅಸುನೀಗಿದರು. ಬೇರೆ ಬೇರೆ ಆಪಾದನೆಗಳ ಮೇಲೆ ಆತನ ತಂದೆ, ತಾಯಿ, ತಾತ ಮೂವರೂ ಬಂಧನಕ್ಕೊಳಗಾದರು.

ಹಾಗಾದರೆ ಬಾರುಕೋಲೇ ಮದ್ದೇ? ಅದೂ ಅಲ್ಲ. 1960ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಡಯಾನಾ ಬೌಮ್‌ರಿಂಡ್ ತಂದೆತಾಯಿಗಳನ್ನು ಮೂರು ಬಗೆಯಾಗಿ ಕಂಡರು: ಬರಿಯ ದಂಡನೆಯವರು, ಬರಿಯ ಸಲಿಗೆಯವರು, ಪ್ರೀತಿಯ ಜೊತೆಗೆ ಕಟ್ಟುಪಾಡನ್ನೂ ಇಟ್ಟು ಅದರ ಕಾರಣವನ್ನು ತಿಳಿಯಹೇಳುವವರು. ಮಕ್ಕಳತ್ತ ತಿರುಗಿಯೂ ನೋಡದವರನ್ನು ನಾಲ್ಕನೆಯ ಬಗೆಯೆಂದು ಮುಂದಿನ ವಿದ್ವಾಂಸರು ಸೇರಿಸಿದರು. 161 ಅಧ್ಯಯನಗಳನ್ನು ಒಟ್ಟುಗೂಡಿಸಿ ನೆದರ್ಲೆಂಡ್ಸ್ ದೇಶದ ಸಂಶೋಧಕರು 2009ರಲ್ಲಿ ಪ್ರಕಟಿಸಿದ ವಿಮರ್ಶೆಯಲ್ಲಿ, ಎಳೆಯರ ಅಪರಾಧದೊಡನೆ ಹೆಚ್ಚಿನ ನಂಟು ಕಂಡುಬಂದದ್ದು ಮನೆಯವರ ಅಲಕ್ಷ್ಯಕ್ಕೆ, ಹಗೆಯ ನಡೆಗೆ, ತಿರಸ್ಕಾರಕ್ಕೆ. ಸಹವಾಸದೋಷ, ಬಡತನಗಳೂ ಇವೆ, ನಿಜ. ಆದರೆ ನಮ್ಮ ಕೈಯಲ್ಲಿರುವುದು ನಮ್ಮ ನಡತೆ.

ಹದಿನಾರು ತುಂಬಿದ ಮಗನನ್ನು ಮಿತ್ರನಂತೆ ಕಾಣಬೇಕೆಂಬುದು ನಮ್ಮ ಹಿಂದಿನವರ ನೀತಿ. ಅದೇ ವಯಸ್ಸನ್ನು 2015ರ ಬಾಲನ್ಯಾಯ ಕಾಯಿದೆಯೂ ಗುರುತಿಸಿದೆ. 16 ತುಂಬಿದವನ ಮೇಲೆ ಘೋರ ಅಪರಾಧದ ಆರೋಪ ಬಂದರೆ, ಬಾಲನ್ಯಾಯ ಮಂಡಳಿಯ ಪರಿಶೀಲನೆಯ ಬಳಿಕ, ವಯಸ್ಕನಂತೆಯೇ ವಿಚಾರಣೆ ಎದುರಿಸಬೇಕಾದೀತು. ಮಿತ್ರನೆಂದರೆ ಕೇಳಿದ್ದೆಲ್ಲ ಕೊಡುವವನಲ್ಲ. ಮಾತು ಪೂರ್ತಿ ಆಲಿಸಿ, ತಪ್ಪನ್ನು ತಪ್ಪೆಂದು ಹೇಳಿ, ಜೊತೆಯಲ್ಲೇ ನಿಲ್ಲುವವನು.

ಹಿರಿಯರೇ, ಮೊಮ್ಮಗನ ತಪ್ಪನ್ನು ಸೆರಗಿನಲ್ಲಿ ಮುಚ್ಚಬೇಡಿ. ತಪ್ಪಿದನೆಂದು ಬೀದಿಗೂ ಅಟ್ಟಬೇಡಿ. ರಾತ್ರಿ ಊಟಕ್ಕೆ ಪಕ್ಕದಲ್ಲಿ ಕೂರಿಸಿಕೊಂಡು, ಎಲ್ಲಿಗೆ ಹೋಗಿದ್ದೆ, ಯಾರ ಜೊತೆಗಿದ್ದೆ ಎಂದು ಮೆಲ್ಲಗೆ ಕೇಳಿ. ಗದರದೆ ಕೇಳಿದರೆ ಅವನು ನಿಜ ಹೇಳಿಯಾನು. ಬೈಕು ಹದಿನೆಂಟು ತುಂಬುವವರೆಗೆ ಕಾಯಲಿ. ಈ ಮಾತಿಗೆ ಕಾಯಬೇಡಿ.

ಸರ್ವರಿಗೂ ಸನ್ಮಂಗಳವಾಗಲಿ.